ಪೆಟ್ಟಿಗೆ ತೆರೆದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಬೇಡಿ

ಆನ್‌ಲೈನ್‌ನಲ್ಲಿ ಕೊಂಡ, ರೇಡಿಯೋ ಮತ್ತು ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಹಳೆಯ ರಿಸೀವರ್ ಒಂದು ಮನೆಗೆ ಬಂದ ದಿನ, ಪೆಟ್ಟಿಗೆಯನ್ನು ತುಸು ಓರೆ ಮಾಡಿದಾಗ ಒಳಗೆ ಏನೋ ಉರುಳಿ ತಗಡಿಗೆ ಬಡಿದ ಸದ್ದಾಯಿತು. ಗಾಳಿಕಂಡಿಗೆ ಟಾರ್ಚ್ ಹಿಡಿದು ನೋಡಿದರೆ ಟ್ರಾನ್ಸ್‌ಫಾರ್ಮರ್ ಬುಡದಿಂದ ಕಿತ್ತು ವಾಲಿತ್ತು. ಅದರ ಭಾರಕ್ಕೆ ಪಕ್ಕದ ಸರ್ಕ್ಯೂಟ್ ಬೋರ್ಡ್ ಅರ್ಧದವರೆಗೆ ಸೀಳಿತ್ತು. ಆ ರಿಸೀವರನ್ನು ನಾನು ಹಿಂದಿರುಗಿಸಿದೆ. ಅದು ಸರಿಯಾದ ನಿರ್ಧಾರವೆಂದೇ ಇಂದಿಗೂ ನಂಬಿದ್ದೇನೆ.

ಇಂತಹ ಉಪಕರಣ ಕೈಗೆ ಬಂದಾಗ ‘ಇದು ರಿಪೇರಿಯಾಗುತ್ತದೆಯೇ’ ಎಂದು ಕೇಳುವುದು ವ್ಯರ್ಥ, ಏಕೆಂದರೆ ಸಮಯವೂ ಹಣವೂ ಇದ್ದರೆ ಬಹುತೇಕ ಎಲ್ಲವೂ ರಿಪೇರಿಯಾಗುತ್ತದೆ. ಕೇಳಬೇಕಾದದ್ದು, ಕೆಟ್ಟಿರುವುದು ವಯಸ್ಸಿನಿಂದಲೋ ಪೆಟ್ಟಿನಿಂದಲೋ, ಕೆಟ್ಟ ಭಾಗ ಈಗಲೂ ಸಿಗುತ್ತದೆಯೋ ಇಲ್ಲವೋ ಎಂಬುದನ್ನು. ಒಳಗಿನ ದ್ರವ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಸಡಿಲಗೊಂಡ ಬೆಲ್ಟ್, ಮಂದ್ರ ಧ್ವನಿಯ ಸ್ಪೀಕರಾದ ವೂಫರಿನ ಅಂಚಿನಲ್ಲಿ ಪುಡಿಯಾಗಿ ಉದುರುವ ಫೋಮ್, ತಿರುಗಿಸಿದರೆ ಕರಕರ ಎನ್ನುವ ವಾಲ್ಯೂಮ್ ಗುಂಡಿ, ಇವೆಲ್ಲ ವಯಸ್ಸಿನ ಸಹಜ ಕಾಯಿಲೆಗಳು. ಕೊಳ್ಳುವಾಗಲೇ ಇವುಗಳ ಖರ್ಚನ್ನು ಬೆಲೆಗೆ ಸೇರಿಸಿಕೊಂಡಿರಬೇಕು. ಆದರೆ ಸೋನಿಯವರ ಟಿಎ-5650 ಆಂಪ್ಲಿಫೈಯರಿನಲ್ಲಿರುವ ವಿ-ಫೆಟ್ ಎಂಬ ವಿಶೇಷ ಬಗೆಯ ಔಟ್‌ಪುಟ್ ಟ್ರಾನ್ಸಿಸ್ಟರುಗಳ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ಅವು ಸುಟ್ಟರೆ ಬದಲಿಗೆ ಅದೇ ಮಾದರಿಯ ಇನ್ನೊಂದು ಯಂತ್ರವನ್ನು ಬಲಿ ಕೊಡಬೇಕು, ಇಲ್ಲವೇ ಹಳೆಯ ದಾಸ್ತಾನೆಂದು ಮಾರುವ ನಕಲಿ ಭಾಗಗಳ ಸಂತೆಯಲ್ಲಿ ಅದೃಷ್ಟ ಪರೀಕ್ಷಿಸಬೇಕು.

ಸಾಗಣೆಯ ಪೆಟ್ಟಂತೂ ಇನ್ನೂ ಮೋಸದ್ದು. 1976ರ ಪಯೋನಿಯರ್ ಎಸ್‌ಎಕ್ಸ್-1250 ರಿಸೀವರ್ ಸುಮಾರು 29 ಕೆ.ಜಿ. ತೂಗುತ್ತದೆ, ಅಂಥದ್ದು ಸೊಂಟದೆತ್ತರದಿಂದ ಬಿದ್ದರೆ ಹೊರಗೆ ಒಂದು ಮೂಲೆ ಮಾತ್ರ ನೆಗ್ಗಿರಬಹುದು, ಒಳಗೆ ಹತ್ತಾರು ಬೆಸುಗೆಗಳು ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಟರ್ನ್‌ಟೇಬಲಿನ ತಟ್ಟೆಯನ್ನು ಬಿಚ್ಚದೆ ಕಳುಹಿಸುವವರ ಬಗ್ಗೆ ನಾನು ಏನನ್ನೂ ಹೇಳದಿರುವುದೇ ಮೇಲು.

ಹಾಗಾಗಿ ಮೊದಲು ಫೋಟೋ ತೆಗೆಯಿರಿ, ಪ್ಲಗ್ ಚುಚ್ಚಬೇಡಿ, ಮುಚ್ಚಳ ಬಿಚ್ಚಬೇಡಿ. ಬಿಚ್ಚಿದ ಮೇಲೆ ಹಾನಿ ನಿಮ್ಮಿಂದಲೇ ಆಯಿತೆಂದು ಮಾರಿದವರು ಸುಲಭವಾಗಿ ವಾದಿಸಬಹುದು. ಹೊರಗಿನ ಹಾನಿ ಇಲ್ಲದಿದ್ದರೆ ಸೀರೀಸ್ ಬಲ್ಬಿನ ಮೂಲಕ, ಅಂದರೆ ವಿದ್ಯುತ್ ದಾರಿಯಲ್ಲಿ ಸರಣಿಯಾಗಿ ಜೋಡಿಸಿದ ಹಳೆಯ ತಂತಿ ಬಲ್ಬಿನ ಮೂಲಕ, ವಿದ್ಯುತ್ ಕೊಡಿ. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಶುಭಸೂಚನೆ, ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇರುವ ಸಂಭವವೇ ಹೆಚ್ಚು. ಸ್ಪೀಕರ್ ಜೋಡಿಸುವ ಮುನ್ನ ಉಪಕರಣದ ಸ್ಪೀಕರ್ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಡಿಸಿ, ಅಂದರೆ ಏಕಮುಖ ವಿದ್ಯುತ್, ಕೆಲವು ಹತ್ತು ಮಿಲಿವೋಲ್ಟ್‌ಗಳನ್ನು ಮೀರಿ ವೋಲ್ಟ್‌ಗಳ ಲೆಕ್ಕಕ್ಕೆ ಏರಿದ್ದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗಬಹುದು.

ಮಾರಿದವರು ‘ಸ್ವಲ್ಪ ಹಣ ವಾಪಸ್ ಕೊಡುತ್ತೇವೆ, ಇಟ್ಟುಕೊಳ್ಳಿ’ ಎಂದಾಗ ಮನಸ್ಸು ಕರಗುತ್ತದೆ. ರಿಪೇರಿ ಮಾಡುವವರಿಂದ ಅಂದಾಜು ಪಡೆಯದೆ ಒಪ್ಪಬೇಡಿ. ‘ಇಷ್ಟು ಕೊಟ್ಟಾಗಿದೆ, ಇನ್ನಷ್ಟು ಹಾಕೋಣ’ ಎಂಬ ಯೋಚನೆಯೂ ಬೇಡ, ಕೊಟ್ಟದ್ದು ಆಗಲೇ ಹೋಗಿದೆ. ಅಜ್ಜನ ರೇಡಿಯೋ ಆಗಿದ್ದರೆ ಮಾತೇ ಬೇರೆ, ಅಲ್ಲಿ ಲೆಕ್ಕ ಹಾಕುವುದೇ ತಪ್ಪು. ಮೊನ್ನೆ ಅಪರಿಚಿತರಿಂದ ಕೊಂಡ ಡಬ್ಬಕ್ಕೆ ಆ ಋಣವಿಲ್ಲ.

ಅದೇ ವರ್ಷ ಬಂದ ಕ್ಯಾಸೆಟ್ ಡೆಕ್ಕನ್ನು ಮಾತ್ರ ನಾನು ಉಳಿಸಿಕೊಂಡೆ. ಅದರ ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು; ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ರಾಟೆಗಳನ್ನು ಒರೆಸಿದ ಮೇಲೂ ಉಗುರಿನ ಸಂದಿಯ ಕಪ್ಪು ಎರಡು ದಿನ ಹೋಗಲಿಲ್ಲ. ಟೇಪ್ ಓದುವ ಹೆಡ್ ಸವೆದಿರಲಿಲ್ಲ, ಮೋಟರ್ ಸರಿಯಿತ್ತು, ಹೊಸ ಬೆಲ್ಟ್ ಹಾಕಿದ ಸಂಜೆಯೇ ಹಾಡಿತು.