ಬೋಟು ತಗ್ಗಿ ಬಂದರೆ ಎಲ್ಲರಿಗೂ ಕಾಣ್ತದೆ

ನಮಸ್ಕಾರ. ಇವತ್ತಿನ ವಿಷಯ ಹಾರುವ ತಟ್ಟೆ, ಅನ್ಯಗ್ರಹದ ಯಂತ್ರವನ್ನು ಸರ್ಕಾರ ಮುಚ್ಚಿಟ್ಟಿದೆ ಎಂಬ ಮಾತು. ಆದ್ರೆ ಸುರು ಮಾಡುವುದು ಮಲ್ಪೆ ಬಂದರಿನಿಂದ.

ಒಬ್ಬ ತಂಡೇಲನಿಗೆ, ಅಂದ್ರೆ ಬೋಟು ನಡೆಸುವವನಿಗೆ, ಆಳಸಮುದ್ರದಲ್ಲಿ ಭರ್ತಿ ಮೀನು ಸಿಗುವ ಒಂದು ಜಾಗ ಗೊತ್ತಾಯ್ತು ಅಂತ ಇಟ್ಟುಕೊಳ್ಳಿ. ಅದರ ಜಿಪಿಎಸ್ ಅಂಕಿ ಅವನು ಹೆಂಡತಿಗೂ ಹೇಳುವುದಿಲ್ಲ. ವಯರ್‌ಲೆಸ್‌ನಲ್ಲಿ ಯಾರಾದ್ರೂ ಕೇಳಿದ್ರೆ, "ಎಂತದೂ ಇಲ್ಲ ಮಾರಾಯ, ಬಲೆ ಖಾಲಿ" ಅಂತಾನೆ. ಆದ್ರೆ ಬೋಟು ದಕ್ಕೆಗೆ ಬರುವಾಗ ನೀರಿನಲ್ಲಿ ಎಷ್ಟು ತಗ್ಗಿ ಬರ್ತಾ ಉಂಟು ಅಂತ ಎಲ್ಲರಿಗೂ ಕಾಣ್ತದಲ್ಲ? ಹೋಗುವಾಗ ಎಷ್ಟು ಐಸ್ ತುಂಬಿಸಿದ, ಎಷ್ಟು ಡೀಸೆಲ್ ಹಾಕಿಸಿದ, ಏಲಂನಲ್ಲಿ ಎಷ್ಟು ಬುಟ್ಟಿ ಇಳಿಯಿತು, ಇದೆಲ್ಲ ಲೆಕ್ಕ ಹಾಕುವವರು ಅಲ್ಲೇ ನಿಂತಿರ್ತಾರೆ. ಮುಂದಿನ ಸಲ ಹೊರಡುವಾಗ ಹಿಂದೆ ಹತ್ತು ಬೋಟು. ಅವನು ಬಾಯಿ ಬಿಟ್ಟಿರುವುದೇ ಇಲ್ಲ.

ಸರ್ಕಾರದ ಗುಟ್ಟನ್ನು ಇದೇ ಕಣ್ಣಿನಿಂದ ನೋಡ್ಬೇಕು ಅಂತ ನನ್ನ ವಾದ.

"ನಮ್ಮ ಪಂಚಾಯತಿನ ಟೆಂಡರೇ ಲೀಕ್ ಆಗ್ತದೆ, ಇನ್ನು ಅನ್ಯಗ್ರಹದ ವಿಷಯ ಮುಚ್ಚಿಡ್ತಾರಾ" ಅಂತ ನಗಾಡುವವರು ಇದ್ದಾರೆ. ಅದು ಸರಿಯಲ್ಲ. ಗುಟ್ಟು ಇಡ್ಲಿಕ್ಕೆ ಸರ್ಕಾರಗಳಿಗೆ ಚೆನ್ನಾಗಿಯೇ ಬರ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸಂಕೇತ ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೊನೆಕೊನೆಗೆ ಸುಮಾರು 9,000 ಜನ ಇದ್ದರು. ಆ ಕೆಲಸದ ವಿಷಯ ಜನರಿಗೆ ಸರಿಯಾಗಿ ಗೊತ್ತಾದದ್ದು 1974ರಲ್ಲಿ. ನಮ್ಮ ಪೋಖ್ರಾನ್ ಅಣುಪರೀಕ್ಷೆ ನೋಡಿ. 1995ರಲ್ಲಿ ತಯಾರಿ ಸುರು ಮಾಡುವಾಗ ಅಮೆರಿಕದ ಉಪಗ್ರಹದ ಕಣ್ಣಿಗೆ ಬಿದ್ದು ನಿಲ್ಲಿಸ್ಬೇಕಾಯ್ತು. 1998ರಲ್ಲಿ ಹೆಚ್ಚಿನ ಕೆಲಸ ರಾತ್ರಿ ಹೊತ್ತು ಆಯ್ತು, ವಿಜ್ಞಾನಿಗಳು ಮಿಲಿಟರಿ ಸಮವಸ್ತ್ರ ಹಾಕಿ ಓಡಾಡಿದರು. ಮೇ 11ಕ್ಕೆ ಬಾಂಬು ಸಿಡಿದ ಮೇಲೆಯೇ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ಗೊತ್ತಾದದ್ದು.

ಹಾಗಾದ್ರೆ ತಟ್ಟೆಯ ಗುಟ್ಟೂ ಇಡಬಹುದಲ್ಲ? ಸ್ವಲ್ಪ ನಿಲ್ಲಿ. 1955ರ ಆಗಸ್ಟಿನಲ್ಲಿ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಹಾರ್ಲಿಕ್ಕೆ ಸುರುವಾಯ್ತು. ಎತ್ತರ 60,000 ಅಡಿಗಿಂತ ಮೇಲೆ. ಆಗಿನ ಪ್ರಯಾಣಿಕ ವಿಮಾನಗಳು ಹಾರ್ತಾ ಇದ್ದದ್ದು 10,000ದಿಂದ 20,000 ಅಡಿಯಲ್ಲಿ. ಸಂಜೆ ಕೆಳಗಿನ ಪೈಲಟ್‌ಗೆ ಸೂರ್ಯ ಮುಳುಗಿ ಕತ್ತಲಾಗಿದೆ, ಅಷ್ಟು ಮೇಲಿನ ಯು-2ಗೆ ಇನ್ನೂ ಬಿಸಿಲು ಬೀಳ್ತಾ ಉಂಟು. ಬಣ್ಣ ಬಳಿಯದ ಬೆಳ್ಳಿಯ ರೆಕ್ಕೆ ಕೆಂಡದ ಹಾಗೆ ಹೊಳೀತದೆ. ಅಷ್ಟು ಎತ್ತರದಲ್ಲಿ ವಿಮಾನ ಇರ್ಲಿಕ್ಕೇ ಸಾಧ್ಯ ಇಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಪೈಲಟ್ ರಿಪೋರ್ಟ್ ಬರೀತಾನೆ. ಹಾರುವ ತಟ್ಟೆಯ ದೂರು ನೋಡುವ, ವಾಯುಪಡೆಯ ಬ್ಲೂ ಬುಕ್ ಎಂಬ ವಿಭಾಗ ಆ ರಿಪೋರ್ಟನ್ನು ಸಿಐಎಯ ಹಾರಾಟದ ಪಟ್ಟಿಗೆ ತಾಳೆ ಹಾಕ್ತದೆ, ಸರಿ ಹೊಂದ್ತದೆ, ಆದ್ರೆ ಪೈಲಟ್‌ಗೆ ಹೇಳುವ ಹಾಗಿಲ್ಲ! 1947ರಿಂದ 1969ರ ವರೆಗೆ ಬ್ಲೂ ಬುಕ್‌ಗೆ ಬಂದ ದೂರು 12,618. ಅದರಲ್ಲಿ ಉತ್ತರ ಸಿಗದೆ ಉಳಿದದ್ದು 701. ಗುಟ್ಟು ಇತ್ತು, ಹೌದು. ವಿಮಾನ ಅವರದ್ದೇ.

ಈಗ ಲೆಕ್ಕ. ಡೇವಿಡ್ ಗ್ರೈಮ್ಸ್ ಎಂಬ ಭೌತವಿಜ್ಞಾನಿ 2016ರಲ್ಲಿ ಒಂದು ಸೂತ್ರ ಕೊಟ್ಟರು. ಗುಟ್ಟು ಗೊತ್ತಿರುವ ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಅದನ್ನು ಹೊರಗೆ ಹಾಕುವ ಸಾಧ್ಯತೆ ಹತ್ತು ಲಕ್ಷಕ್ಕೆ ಸುಮಾರು 4 ಅಂತ ಹಿಡಿದರು. 1,000 ಜನ 50 ವರ್ಷ ಇಟ್ಟುಕೊಂಡರೆ ಹೊರಬರುವ ಸಾಧ್ಯತೆ ಶೇ. 18. ಹತ್ತು ಸಾವಿರ ಜನ ಆದ್ರೆ ಶೇ. 86. ಈ ಲೆಕ್ಕವನ್ನು ತುಂಬಾ ಜನ ಬ್ರಹ್ಮಾಸ್ತ್ರದ ಹಾಗೆ ಬಿಡ್ತಾರೆ. ನನಗೆ ಅಷ್ಟು ಭರವಸೆ ಇಲ್ಲ. ಆ 4 ಎಂಬ ಅಂಕಿ ಬಂದದ್ದು ಹೊರಗೆ ಬಿದ್ದ ಬೆರಳೆಣಿಕೆಯ ಗುಟ್ಟುಗಳಿಂದ. ಹೊರಗೆ ಬೀಳದೆ ಉಳಿದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಸಿಕ್ಕಿಬಿದ್ದ ಕಳ್ಳರನ್ನು ಮಾತ್ರ ನೋಡಿ ಕಳ್ಳರೆಲ್ಲ ಸಿಕ್ಕಿಬೀಳ್ತಾರೆ ಅಂದ ಹಾಗೆ ಆಯ್ತು.

ಅದಕ್ಕಿಂತ ಗಟ್ಟಿ ಸಾಕ್ಷಿ 1942ರದ್ದು. ಗಿಯೊರ್ಗಿ ಫ್ಲಿಯೊರೊವ್ ಎಂಬ ಸೋವಿಯತ್ ಯುವ ಭೌತವಿಜ್ಞಾನಿ ಲೈಬ್ರರಿಯಲ್ಲಿ ಕೂತು ವಿದೇಶಿ ವಿಜ್ಞಾನ ಪತ್ರಿಕೆ ತಿರುವಿ ಹಾಕಿದ. ಎರಡು ವರ್ಷದ ಹಿಂದೆ ಯುರೇನಿಯಂ ವಿದಳನದ ಬಗ್ಗೆ ಸಾಲುಸಾಲು ಲೇಖನ ಬರ್ತಾ ಇತ್ತು. ಈಗ ಒಂದೂ ಇಲ್ಲ. ದೊಡ್ಡ ದೊಡ್ಡ ಹೆಸರುಗಳೇ ಕಾಣೆ. ಅವನು ಸ್ಟಾಲಿನ್‌ಗೆ ಪತ್ರ ಬರೆದ: ಅಮೆರಿಕ ಬಾಂಬು ಮಾಡ್ತಾ ಉಂಟು. ಯಾರೂ ಒಂದು ಮಾತು ಆಡಿರ್ಲಿಲ್ಲ, ಎಲ್ಲರೂ ಒಟ್ಟಿಗೆ ಸುಮ್ಮನಾದದ್ದೇ ಗುಟ್ಟನ್ನು ಬಿಟ್ಟುಕೊಟ್ಟಿತು.

ಅನ್ಯಗ್ರಹದ ಯಂತ್ರ ಕೈಗೆ ಸಿಕ್ಕಿದ್ದರೆ ಇದೇ ಆಗ್ಬೇಕಿತ್ತು. ಅದನ್ನು ಬಿಚ್ಚಿ ನೋಡ್ಲಿಕ್ಕೆ ಲೋಹದವರು ಬೇಕು, ರಸಾಯನದವರು ಬೇಕು, ಪ್ಲಾಸ್ಮಾ ಗೊತ್ತಿದ್ದವರು ಬೇಕು, ಅದೂ ಆ ವಿದ್ಯೆಯಲ್ಲಿ ಅತಿ ಮುಂದೆ ಇರುವವರೇ. ಅಂಥವರು ಬರೆಯುವುದನ್ನು ನಿಲ್ಲಿಸಿದರೆ ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಅದೇ ಕೆಲಸ ಮಾಡುವವರಿಗೆ ಮೊದಲು ಗೊತ್ತಾಗ್ತದೆ. ಹಾರುವ ತಟ್ಟೆಯ ಸುದ್ದಿ ಸುರುವಾದ 1947ರಿಂದ ಈಚೆಗೆ ಹಾಗೆ ಪೂರ್ತಿ ಮೌನ ಆದ ಒಂದು ವಿದ್ಯೆ ತೋರಿಸಿ ನೋಡುವ. ಅಮೆರಿಕದ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಷ್ 2023ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಅಂಥ ಯಂತ್ರ ಸರ್ಕಾರದ ಕೈಯಲ್ಲಿ ಉಂಟು ಅಂತ ಪ್ರಮಾಣ ಮಾಡಿ ಹೇಳಿದ್ದು ಹೌದು, ಆದ್ರೆ ಅದು ಬೇರೆಯವರು ತನಗೆ ಹೇಳಿದ್ದು. ಬುಟ್ಟಿ ಇನ್ನೂ ದಕ್ಕೆಯಲ್ಲಿ ಇಳಿದಿಲ್ಲ.

ಮತ್ತೆ ಅಮೆರಿಕದ ಮಿಲಿಟರಿ ವಿಮಾನಗಳು ತೆಗೆದ ವಿಡಿಯೊ ಯಾಕೆ ಮುಚ್ಚಿಟ್ಟರು ಅಂತ ಕೇಳ್ತೀರಿ. ಮುಚ್ಚಿಡುವುದು ಕ್ಯಾಮೆರಾದ ಗುಟ್ಟನ್ನು. ಎಷ್ಟು ದೂರದಿಂದ ಎಷ್ಟು ಚಿಕ್ಕದು ಕಾಣ್ತದೆ ಅಂತ ಶತ್ರುವಿಗೆ ತಿಳಿಯಬಾರದು. ಪೆಂಟಗನ್ 2020ರಲ್ಲಿ ಅಧಿಕೃತವಾಗಿ ಬಿಟ್ಟ ಮೂರು ವಿಡಿಯೊಗಳಲ್ಲಿ ಗೋಫಾಸ್ಟ್ ಅಂತ ಒಂದುಂಟು. ಬಿಳಿ ಚುಕ್ಕಿಯೊಂದು ಸಮುದ್ರಕ್ಕೆ ತಾಗಿಕೊಂಡು ಶರವೇಗದಲ್ಲಿ ಓಡಿದ ಹಾಗೆ ಕಾಣ್ತದೆ. ಪರದೆಯ ಮೇಲಿನ ಅಂಕಿ ಓದಿ: ವಿಮಾನದ ಎತ್ತರ 25,000 ಅಡಿ, ಕ್ಯಾಮೆರಾ 26 ಡಿಗ್ರಿ ಕೆಳಗೆ, ದೂರ 4.4 ನಾಟಿಕಲ್ ಮೈಲಿ. ಅಡಿಗೆ ತಂದರೆ ಸುಮಾರು 26,700. ಅದನ್ನು ಸೈನ್ 26ರಿಂದ, ಅಂದ್ರೆ 0.438ರಿಂದ ಗುಣಿಸಿದ್ರೆ 11,700. ಕಳೆದ್ರೆ ಉಳಿದದ್ದು ಸುಮಾರು 13,300 ಅಡಿ. ಚುಕ್ಕಿ ನೀರಿನ ಹತ್ತಿರ ಇಲ್ಲವೇ ಇಲ್ಲ, ಗಾಳಿಯ ನಡುವೆ ಉಂಟು. ಓಡ್ತಾ ಇರುವುದು ಕ್ಯಾಮೆರಾ ಇಟ್ಟುಕೊಂಡ ವಿಮಾನ. ನಾಸಾದ ತಂಡ 2023ರಲ್ಲಿ ಹೇಳಿದ ವೇಗ ಗಂಟೆಗೆ ಸುಮಾರು 40 ಮೈಲಿ, ಗಾಳಿಗೆ ತೇಲುವ ವಸ್ತುವಿನ ವೇಗ. ಪಿಯುಸಿ ಫಲಿತಾಂಶದಲ್ಲಿ ಹೆಚ್ಚಿನ ವರ್ಷ ಮುಂದೆ ಇರುವುದು ನಮ್ಮ ಎರಡು ಜಿಲ್ಲೆ. ಈ ಲೆಕ್ಕಕ್ಕೆ ನಮ್ಮ ಮಕ್ಕಳಿಗೆ ಎರಡು ನಿಮಿಷ ಸಾಕು.

ಲಡಾಖ್‌ನಲ್ಲೂ ಹಾಗೆಯೇ. 2012-13ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಸೈನಿಕರು ತಿಂಗಳುಗಟ್ಟಲೆ ಬೆಳಕು ಕಂಡು ಬರೆದಿಟ್ಟರು, ಬೇಹು ಡ್ರೋನ್ ಅಂತ ಸಂಶಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ನೋಡಿ ಹೇಳಿದ್ದು: ಒಂದು ಗುರು, ಇನ್ನೊಂದು ಶುಕ್ರ.

ನಮ್ಮ ಕಡಲ ಮೇಲೂ ಶುಕ್ರನದ್ದೇ ಕಾರುಬಾರು. ಕೈ ನೇರ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ. ಪಡುವಣದ ಬೆಳಕು ಗಂಟೆಗೆ ಒಂದೂವರೆ ಮುಷ್ಟಿ ಹೆಚ್ಚುಕಮ್ಮಿ ನೆಟ್ಟಗೆ ಇಳಿದ್ರೆ ಅದು ಗ್ರಹ ಇಲ್ಲವೇ ನಕ್ಷತ್ರ. ಗೆರೆಯ ಹಾಗೆ ಸಾಲಾಗಿ ಹೋಗಿ ಮಧ್ಯ ಆಕಾಶದಲ್ಲಿ ಫಕ್ಕನೆ ನಂದಿದ್ರೆ ಸ್ಟಾರ್‌ಲಿಂಕ್, ಅಂದ್ರೆ ಇಂಟರ್ನೆಟ್ ಕೊಡುವ ಉಪಗ್ರಹಗಳ ಸಾಲು, ಭೂಮಿಯ ನೆರಳಿಗೆ ಹೊಕ್ಕಿದ್ದು. ಇಳಿಯದೆ ಹಾರದೆ ದಿಗಂತದಲ್ಲೇ ಜಗಜಗ ಅಂದ್ರೆ ಬೋಟಿನ ಲೈಟು.

ಇಷ್ಟಕ್ಕೂ ಬಗ್ಗದ್ದು ಕಂಡ್ರೆ ಹೊತ್ತು, ದಿಕ್ಕು, ಎಷ್ಟು ಮುಷ್ಟಿ ಎತ್ತರ ಅಂತ ಆಗಲೇ ಬರೆದಿಡಿ. ಮತ್ತೆ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. "ಯುಎಫ್‌ಒ ಬಂದಿತ್ತಾ" ಅಂತ ಕೇಳ್ಬೇಡಿ, ಅಭಿಪ್ರಾಯ ಕೊಡುವ ಕೆಲಸ ಅವರದ್ದಲ್ಲ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಟವರಿನ ಲಾಗ್‌ಬುಕ್ ಪುಟದ ನಕಲು ಅಂತ ಕೇಳಿ. 30 ದಿವಸದ ಒಳಗೆ ಕೊಡ್ಬೇಕು. ಇಲ್ಲ ಅಂತಾದ್ರೆ ಯಾವ ಕಲಂ ಪ್ರಕಾರ ಇಲ್ಲ ಅಂತ ಬರೆದು ಕೊಡ್ಬೇಕು.