ರಾಷ್ಟ್ರಪತಿ ಚುನಾವಣೆ: ನಮ್ಮ ಶಾಸಕರನ್ನು ಕೇಳಬೇಕಾದ ಮಾತು

ಕೇಳುಗರಿಗೆ ನಮಸ್ಕಾರ.

ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದು 2022ರ ಜುಲೈ 25ರಂದು. ಅವರ ಐದು ವರ್ಷದ ಅವಧಿ 2027ರ ಜುಲೈನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಆಯ್ಕೆ ಆಗಬೇಕು, ಆರಿಸುವವರು ಸಂಸದರು ಮತ್ತು ಶಾಸಕರು. ಈ ಚುನಾವಣೆಗೆ ದಿನಾಂಕ ಗೊತ್ತಾಗುವ ಮೊದಲೇ ಹೆಸರುಗಳು ಓಡಾಡಲು ಶುರುವಾಗುತ್ತವೆ. ಹುಬ್ಬಳ್ಳಿ ಹಳೇ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯಲು ನಿಂತರೆ ಸಾಕು, ಮಾತು ಕಿವಿಗೆ ಬೀಳುತ್ತದೆ. "ಈ ಸಲ ಯಾರನ್ನ ನಿಲ್ಲಸ್ತಾರಂತ್ರೀ?" "ದಕ್ಷಿಣದ ಕಡೆಯವ್ರಿಗೇ ಕೊಡ್ತಾರ ನೋಡ್ರಿ." "ಆ ಸಮಾಜದ ವೋಟ್ ಬೇಕಲ್ರೀ, ಅವ್ರಿಗೇ ಕೊಡ್ತಾರ." ಎರಡು ಪಕ್ಷದ ಅಭಿಮಾನಿಗಳು ಅಲ್ಲಿ ಕೂಡಿದರೆ ದನಿ ಏರುತ್ತದೆ. ಇವರು ಹೇಳಿದ ಹೆಸರು ಅವರಿಗೆ ರಬ್ಬರ್ ಸ್ಟಾಂಪು, ಅವರು ಹೇಳಿದ ಹೆಸರು ಇವರಿಗೆ ದೇಶಕ್ಕೇ ಅಪಾಯ.

ಈ ಊಹೆಗಳು ಎಷ್ಟರ ಮಟ್ಟಿಗೆ ನಿಜವಾಗಿವೆ ನೋಡಿ. 2012ರ ಜೂನ್‌ನಲ್ಲಿ ಮಮತಾ ಬ್ಯಾನರ್ಜಿ ಮತ್ತು ಮುಲಾಯಂ ಸಿಂಗ್ ಯಾದವ್ ಸೇರಿ ಮೂರು ಹೆಸರು ಹೇಳಿದರು: ಅಬ್ದುಲ್ ಕಲಾಂ, ಮನಮೋಹನ್ ಸಿಂಗ್, ಸೋಮನಾಥ ಚಟರ್ಜಿ. ಎರಡೇ ದಿನಕ್ಕೆ ಪ್ರಣಬ್ ಮುಖರ್ಜಿ ಹೆಸರು ಹೊರಗೆ ಬಂತು, ಆದವರೂ ಅವರೇ. 2017ರಲ್ಲಿ ಟಿವಿಯವರು ವಾರಗಟ್ಟಲೆ ಏನೇನೋ ಹೆಸರು ತೋರಿಸಿದರು. ಜೂನ್ 19ಕ್ಕೆ ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ ಕೋವಿಂದ್ ಹೆಸರು ಬಂದಾಗ ಎಲ್ಲರಿಗೂ ಅಚ್ಚರಿ. ಅದಕ್ಕೇ ನಾನು ಇವತ್ತು ಯಾವ ಹೆಸರನ್ನೂ ಹೇಳುವುದಿಲ್ಲ. ಯಾರು ಅನ್ನುವುದಕ್ಕಿಂತ ಮೊದಲು, ಎಂಥವರು ಬೇಕು ಅಂತ ನಾವು ಕೇಳಬೇಕು. ನಮ್ಮ ಭಾಗದವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಜಾಸ್ತಿಯೇ ಇದೆ. ಯಾಕೆ ಅಂತ ಹೇಳುತ್ತೇನೆ.

1989ರಲ್ಲಿ ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿ. ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದ ಶಾಸಕರು. ಏಪ್ರಿಲ್‌ನಲ್ಲಿ ಅವರ ಪಕ್ಷದ ಒಬ್ಬ ಶಾಸಕರು, ಸರ್ಕಾರಕ್ಕೆ ಬೆಂಬಲ ವಾಪಸ್ ಪಡೆದಿದ್ದೇವೆ ಅನ್ನುವ ಹಲವರ ಪತ್ರಗಳನ್ನು ಒಯ್ದು ರಾಜ್ಯಪಾಲರಿಗೆ ಕೊಟ್ಟರು. ಒಂದೆರಡು ದಿನದಲ್ಲೇ ಆ ಪತ್ರ ಬರೆದವರಲ್ಲಿ ಕೆಲವರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಬೊಮ್ಮಾಯಿಯವರು ಕೇಳಿದ್ದು ಒಂದೇ: ಸದನ ಕರೆಯಿರಿ, ಅಲ್ಲಿ ಬಹುಮತ ತೋರಿಸುತ್ತೇನೆ. ರಾಜ್ಯಪಾಲರು ಒಪ್ಪಲಿಲ್ಲ. ದೆಹಲಿಗೆ ವರದಿ ಹೋಯಿತು. ಏಪ್ರಿಲ್ 21ರಂದು ರಾಷ್ಟ್ರಪತಿಯವರ ಸಹಿ ಬಿತ್ತು, ಸರ್ಕಾರ ಹೋಯಿತು. ಶಾಸಕರ ತಲೆ ಎಣಿಸುವ ಕೆಲಸ ವಿಧಾನಸೌಧದ ಒಳಗೆ ನಡೆಯಲೇ ಇಲ್ಲ.

ಬೊಮ್ಮಾಯಿಯವರು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಸೋತರು, ಆದರೆ ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದ ಕೋಣೆಯಲ್ಲಿ ಅಲ್ಲ. ರಾಜ್ಯ ಸರ್ಕಾರವನ್ನು ವಜಾ ಮಾಡಲು ಸಂವಿಧಾನದ 356ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಹೊರಡಿಸುವ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಕರ್ನಾಟಕದಲ್ಲಿ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತಲೂ ಹೇಳಿತು. ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು. ಹೋದ ಸರ್ಕಾರ ಹೋಗಿಯೇ ಬಿಟ್ಟಿತ್ತು. ಆದರೆ ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಇವತ್ತಿಗೂ ವಕೀಲರ ಬಾಯಲ್ಲಿ ಮೊದಲು ಬರುವುದು ಬೊಮ್ಮಾಯಿ ಪ್ರಕರಣ. ಧಾರವಾಡದಲ್ಲಿ ಕಾನೂನು ಓದುವ ಹುಡುಗ ಹುಡುಗಿಯರು ಈ ಹೆಸರನ್ನು ಪರೀಕ್ಷೆಗಾಗಿ ಓದುತ್ತಾರೆ. ಇದು ತಮ್ಮ ಪಕ್ಕದ ಊರಿನ ಜನ ವೋಟು ಹಾಕಿ ಕಳಿಸಿದ ಮನುಷ್ಯನ ಕತೆ ಅಂತಲೂ ಅವರಿಗೆ ಗೊತ್ತಿರಬೇಕು.

1997ರ ಅಕ್ಟೋಬರ್‌ಗೆ ಬನ್ನಿ. ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಬೇಕು ಅಂತ ಕೇಂದ್ರ ಸಂಪುಟ ಶಿಫಾರಸು ಕಳಿಸಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಸಹಿ ಹಾಕಲಿಲ್ಲ. ಇನ್ನೊಮ್ಮೆ ಯೋಚಿಸಿ ಅಂತ ವಾಪಸ್ ಕಳಿಸಿದರು. ಸಂಪುಟ ಸುಮ್ಮನಾಯಿತು. ಮುಂದಿನ ವರ್ಷ ದೆಹಲಿಯಲ್ಲಿ ಬೇರೆ ಪಕ್ಷದ ಸರ್ಕಾರ. ಬಿಹಾರದ ವಿಷಯದಲ್ಲಿ ಅಂಥದೇ ಶಿಫಾರಸು ಬಂತು. ಅದನ್ನೂ ನಾರಾಯಣನ್ ವಾಪಸ್ ಕಳಿಸಿದರು. ಒಮ್ಮೆ ಒಂದು ಪಕ್ಷಕ್ಕೆ, ಇನ್ನೊಮ್ಮೆ ಅದರ ಎದುರಾಳಿಗೆ, ಎರಡೂ ಸಲ ಒಂದೇ ಮಾತು. ರಾಷ್ಟ್ರಪತಿಗೆ ಏನೂ ಅಧಿಕಾರವಿಲ್ಲ, ಸುಮ್ನೆ ಹೆಸರಿಗೆ ಮಾತ್ರ ಅನ್ನುವವರಿಗೆ ನಾನು ಈ ಎರಡು ಪ್ರಸಂಗ ನೆನಪಿಸುತ್ತೇನೆ. ಸಂಪುಟದ ಸಲಹೆಯನ್ನು ಒಂದು ಸಲ ವಾಪಸ್ ಕಳಿಸುವ ಅಧಿಕಾರ ಸಂವಿಧಾನದಲ್ಲೇ ಇದೆ. ಅದನ್ನು ಬಳಸಲು ಧೈರ್ಯ ಬೇಕು, ಅಷ್ಟೇ.

ನಮ್ಮ ಕಡೆಯ ಇನ್ನೊಬ್ಬರೂ ಆ ಕುರ್ಚಿಯ ಭಾರ ಹೊತ್ತಿದ್ದರು. ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿ. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾದರು. ಹೊಸದಾಗಿ ಬಂದ ಜನತಾ ಸರ್ಕಾರ, ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಹೇಳಿತು. ಜತ್ತಿಯವರು ಒಂದು ದಿನ ತಡ ಮಾಡಿ ಆಮೇಲೆ ಸಹಿ ಹಾಕಿದರು. ಇವರು ಹಳೇ ಕಾಂಗ್ರೆಸ್ಸಿಗರು, ಅದಕ್ಕೇ ತಡ ಮಾಡಿದರು ಅಂತ ಟೀಕೆ ಬಂತು. ಸರಿಯೋ ತಪ್ಪೋ, ಒಂದು ದಿನದ ಯೋಚನೆಗೂ ಪಕ್ಷದ ಬಣ್ಣ ಹಚ್ಚಿದರಲ್ಲ, ಅದು ನನಗೆ ಬೇಸರದ ವಿಷಯ. ಅಂಥ ಕಾಗದಕ್ಕೆ ಸಹಿ ಹಾಕುವ ಮೊದಲು ಯಾರಾದರೂ ಒಂದು ರಾತ್ರಿ ಯೋಚಿಸಬೇಕು, ಅಲ್ವಾ?

ಇನ್ನು ಪಕ್ಷದ ಮಾತಿಗೆ ಬರುತ್ತೇನೆ. ಶಾಸಕರು ಪಕ್ಷ ಹೇಳಿದವರಿಗೇ ವೋಟು ಹಾಕಲೇಬೇಕು, ಇಲ್ಲದಿದ್ದರೆ ಸ್ಥಾನ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್, ಅಂದರೆ ಇಂಥವರಿಗೇ ವೋಟು ಹಾಕಿ ಅನ್ನುವ ಆದೇಶ, ಕೊಡುವಂತಿಲ್ಲ. ಮತದಾನ ಗುಪ್ತ. ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. 2012ರಲ್ಲಿ ಶಿವಸೇನೆ ಎನ್‌ಡಿಎಯಲ್ಲಿ ಇದ್ದುಕೊಂಡೇ ಪ್ರಣಬ್ ಮುಖರ್ಜಿಯವರನ್ನು ಬೆಂಬಲಿಸಿತು. 2022ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ಜಾರ್ಖಂಡ್ ಮುಕ್ತಿ ಮೋರ್ಚಾ ಮುರ್ಮು ಅವರ ಪರ ನಿಂತಿತು.

ಇದರಲ್ಲಿ ದೊಡ್ಡ ಕತೆ 1969ರದು, ಅದು ಶುರುವಾಗಿದ್ದು ಕರ್ನಾಟಕದ ನೆಲದಲ್ಲೇ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಆ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ರಾಷ್ಟ್ರಪತಿ ಅಭ್ಯರ್ಥಿಯಾಗಿ ಇಂದಿರಾ ಗಾಂಧಿಯವರಿಗೆ ಜಗಜೀವನ ರಾಂ ಬೇಕಿತ್ತು. ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ರೆಡ್ಡಿಯವರ ಪರ ವಿಪ್ ಕೊಡಿ ಅಂತ ನಿಜಲಿಂಗಪ್ಪನವರು ಕೇಳಿದರು. ಇಂದಿರಾ ಒಪ್ಪಲಿಲ್ಲ, ಮನಸ್ಸಾಕ್ಷಿಯಂತೆ ವೋಟು ಹಾಕಿ ಅಂದರು. ಮೊದಲ ಎಣಿಕೆಯಲ್ಲಿ ಯಾರೂ ಗೆಲ್ಲಲಿಲ್ಲ. ಎರಡನೇ ಪ್ರಾಶಸ್ತ್ಯದ, ಅಂದರೆ ಹೆಸರಿನ ಮುಂದೆ 2 ಅಂತ ಬರೆದ ಮತ ಎಣಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಯಿತು. ಧಾರವಾಡ, ಗದಗ, ಹಾವೇರಿ ಕಡೆಯ ಹಿರಿಯರಿಗೆ ಆ ಒಡಕು ಚೆನ್ನಾಗಿ ನೆನಪಿರುತ್ತದೆ. ಅಂದು ಮನಸ್ಸಾಕ್ಷಿ ಅನ್ನುವ ಮಾತನ್ನೂ ಒಂದು ಬಣ ತನ್ನ ಅಸ್ತ್ರ ಮಾಡಿಕೊಂಡಿತು ಅಂತ ನನಗೆ ಅನಿಸುತ್ತದೆ. ಹಾಗಂತ ಆ ಮಾತೇ ಸುಳ್ಳಾಗುವುದಿಲ್ಲ. ಕಾಯ್ದೆ ಆ ಸ್ವಾತಂತ್ರ್ಯ ಕೊಟ್ಟಿರುವುದು ಶಾಸಕರಿಗೆ, ಪಕ್ಷದ ನಾಯಕರಿಗಲ್ಲ.

ಶಾಸಕರ ವೋಟಿಗೆ ಬೆಲೆ ಎಲ್ಲಿಂದ ಬಂತು? ಲೆಕ್ಕ ಸರಳ. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2 ಕೋಟಿ 93 ಲಕ್ಷದ ಹತ್ತಿರ. ಅದನ್ನು 224 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿದರೆ 131. ಕರ್ನಾಟಕದ ಒಬ್ಬ ಶಾಸಕರ ವೋಟಿನ ಬೆಲೆ 131. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ 7. ಧಾರವಾಡ ಜಿಲ್ಲೆಯಲ್ಲಿ ಏಳು ಶಾಸಕರು, ಹಾವೇರಿಯಲ್ಲಿ ಆರು, ಗದಗದಲ್ಲಿ ನಾಲ್ಕು. ಮೂರೂ ಜಿಲ್ಲೆ ಸೇರಿ 2,227. ಆ ಸಂಖ್ಯೆ ಹುಟ್ಟಿದ್ದು ಅಂದು ಗಣತಿಯವರು ನಮ್ಮ ಅಜ್ಜ ಅಜ್ಜಿಯರ ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋದ ತಲೆಗಳಿಂದ. ವಿಧಾನಸೌಧದಲ್ಲಿ ಶಾಸಕರ ಕೈಗೆ ಗುಲಾಬಿ ಬಣ್ಣದ ಮತಪತ್ರ ಕೊಡುತ್ತಾರೆ. ಚುನಾವಣಾ ಆಯೋಗವೇ ಕೊಟ್ಟ ನೇರಳೆ ಶಾಯಿಯ ಪೆನ್ನಿನಿಂದ ಹೆಸರಿನ ಮುಂದೆ 1, 2 ಅಂತ ಬರೆಯಬೇಕು. ಬೇರೆ ಪೆನ್ನು ಬಳಸಿದರೆ ವೋಟು ಕೆಡುತ್ತದೆ. 2022ರಲ್ಲಿ ಇಡೀ ದೇಶದಲ್ಲಿ 53 ಮತಗಳು ಅಸಿಂಧುವಾದವು, ಅದರಲ್ಲಿ 15 ಸಂಸದರವು. ಜನರ ಪರವಾಗಿ ಹಾಕುವ ವೋಟನ್ನು ಹೀಗೆ ಕೆಡಿಸಿದರೆ ನನಗೆ ಸಿಟ್ಟು ಬರುತ್ತದೆ.

ಅಧಿಸೂಚನೆ ಬಂದ ಮೇಲೆ ನಾಮಪತ್ರಕ್ಕೆ ಸಿಗುವುದು ಎರಡು ವಾರ. ಒಬ್ಬ ಅಭ್ಯರ್ಥಿಗೆ 50 ಜನ ಸೂಚಕರು, 50 ಜನ ಅನುಮೋದಕರು ಸಹಿ ಹಾಕಬೇಕು. ಆ ಸಹಿಗೆ ನಮ್ಮ ಶಾಸಕರಿಗೂ ಕರೆ ಬರಬಹುದು. ಅದಕ್ಕೂ ಮೊದಲು ಅವರು ನಿಮ್ಮ ಊರಿನ ಜಾತ್ರೆಗೋ, ರಸ್ತೆಯ ಭೂಮಿಪೂಜೆಗೋ ಬಂದೇ ಬರುತ್ತಾರೆ. ಆಗ ಎದ್ದು ನಿಂತು ಕೇಳಿ. "ಸಾಹೇಬ್ರ, ನಮ್ಮ ವೋಟು ಯಾರಿಗೆ ಅಂತ ಕೇಳಂಗಿಲ್ರಿ, ಅದು ಗುಪ್ತ. ಆದ್ರ ನೀವು ಆರಿಸೋರು, ತಪ್ಪು ಕಾಗದ ಬಂದ್ರ ವಾಪಸ್ ಕಳಸೋರ ಅದಾರೇನ್ರೀ? ನಿಮ್ಮ ಪಕ್ಷದ ಸರ್ಕಾರನ ಕಳಿಸಿದ್ರೂ?" ಉತ್ತರ ಅಲ್ಲೇ, ಎಲ್ಲರ ಮುಂದೆ ಕೊಡಲಿ.

ನಮಸ್ಕಾರ.