"ಹೂಂ ಸಿಸ್ಟರ್, ದಿನಾ ತಗೋತೀನಿ": ಇನ್‌ಹೇಲರ್ ಕಪಾಟಿನಲ್ಲೇ ಯಾಕೆ ಉಳಿಯುತ್ತೆ?

[ಟೇಬಲ್ ಮೇಲೆ ನೀಲಿ ಪಂಪ್, ಕಂದು ಪಂಪ್, ಒಂದು ರೋಟಾಹೇಲರ್, ಕ್ಯಾಪ್ಸೂಲ್ ಡಬ್ಬಿ]

ಈ ಡಬ್ಬಿ ನೋಡಿ. ಒಳಗೆ 30 ಕ್ಯಾಪ್ಸೂಲ್. ನುಂಗೋದಲ್ಲ, ರೋಟಾಹೇಲರ್ ಅನ್ನೋ ಸಾಧನಕ್ಕೆ ಹಾಕಿ ಒಳಗಿನ ಪುಡಿಯನ್ನ ಉಸಿರಲ್ಲಿ ಎಳ್ಕೊಳ್ಳೋದು. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಚೀಟಿಯಲ್ಲಿ ಬರೆದಿದೆ. ಅಂದ್ರೆ 15 ದಿನಕ್ಕೆ ಖಾಲಿ ಆಗಬೇಕು. ಎರಡು ತಿಂಗಳು ಬಿಟ್ಟು ರೋಗಿ ಅದೇ ಡಬ್ಬಿ ಹಿಡ್ಕೊಂಡು ಬರ್ತಾರೆ, ಅಲ್ಲಾಡಿಸಿದ್ರೆ ಇನ್ನೂ ಗಲಗಲ ಅನ್ನುತ್ತೆ. ನರ್ಸ್ ಕೇಳ್ತಾರೆ, "ದಿನಾ ತಗೋತಿದ್ದೀರಾ?" ಉತ್ತರ, "ಹೂಂ ಸಿಸ್ಟರ್, ದಿನಾ ತಗೋತೀನಿ."

ಇದು ನಿಜ ಅಲ್ಲ ಅಂತ ಇಬ್ಬರಿಗೂ ಗೊತ್ತು. ಆದ್ರೂ ನರ್ಸ್ ಫೈಲಲ್ಲಿ ಟಿಕ್ ಹಾಕ್ತಾರೆ, ರೋಗಿ ಮನೆಗೆ ಹೋಗ್ತಾರೆ.

ನೀವು ಕಾಮೆಂಟ್‌ನಲ್ಲಿ ಪದೇ ಪದೇ ಕೇಳಿದ ಪ್ರಶ್ನೆ ಇದೇ. ಅಸ್ತಮಾಗೆ ಇಷ್ಟು ಒಳ್ಳೆ ಔಷಧ ಇದ್ದೂ ಜನ ಯಾಕೆ ತಗೊಳ್ಳಲ್ಲ? "ಅರಿವಿನ ಕೊರತೆ" ಅಂತ ಒಂದು ರೆಡಿಮೇಡ್ ಉತ್ತರ ಇದೆ. ನನ್ನ ಪ್ರಕಾರ ಅದು ಸೋಮಾರಿ ಉತ್ತರ.

[ಪರದೆಯ ಮೇಲೆ: ಒಂದೇ ನಿಮಿಷದಲ್ಲಿ ಅಸ್ತಮಾ]

ಬೇಸಿಕ್ಸ್ ಬೇಗ ಮುಗಿಸೋಣ. ಉಬ್ಬಸ, ದಮ್ಮು, ಗೂರಲು, ಊರಿಗೊಂದು ಹೆಸರು. ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತೆ. ಧೂಳು, ಹೊಗೆ, ಶೀತ ತಾಗಿದ್ರೆ ಸುತ್ತಲಿನ ಸ್ನಾಯು ಬಿಗಿಯುತ್ತೆ. ನೀಲಿ ಪಂಪ್‌ನಲ್ಲಿರೋ ಸಾಲ್ಬುಟಮಾಲ್ ಆ ಬಿಗಿ ಸಡಿಲಿಸುತ್ತೆ, ಕೆಲವೇ ನಿಮಿಷದಲ್ಲಿ ಆರಾಮ. ಕಂದು ಪಂಪ್‌ನಲ್ಲಿರೋ ಸ್ಟೆರಾಯ್ಡ್ ಊತ ಇಳಿಸುತ್ತೆ, ಅದಕ್ಕೆ ದಿನಗಳು, ವಾರಗಳು ಬೇಕು. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಹೆಸರು ಓದಿ. ಮಲೆನಾಡಿನವರಿಗೆ ಒಂದೇ ಸಾಲು: ನೀಲಿ ಅಂದ್ರೆ ಸೋರೋ ಜಾಗಕ್ಕೆ ಬಕೆಟ್ ಇಡೋದು, ಕಂದು ಅಂದ್ರೆ ಮಳೆಗಾಲಕ್ಕೆ ಮುಂಚೆ ಹೆಂಚು ಸರಿ ಮಾಡಿಸೋದು.

ಇದೇನು ಸಣ್ಣ ವಿಷಯ ಅಲ್ಲ. ಜಾಗತಿಕ ರೋಗಹೊರೆಯ ಅಂದಾಜಿನ ಪ್ರಕಾರ ಪ್ರಪಂಚದ ಅಸ್ತಮಾ ಹೊರೆಯಲ್ಲಿ ಸುಮಾರು 13% ಭಾರತದ್ದು. ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಸುಮಾರು 42%. ಈ ಎರಡು ಅಂಕಿ ನಡುವಿನ ಅಂತರದಲ್ಲೇ ಆ ಗಲಗಲ ಅನ್ನೋ ಡಬ್ಬಿ ಇರೋದು.

[ಪರದೆಯ ಮೇಲೆ: ದಕ್ಷಿಣ ವೇಲ್ಸ್, 1997]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬ್ರಿಟನ್ನಿನ ದಕ್ಷಿಣ ವೇಲ್ಸ್‌ನಲ್ಲಿ ಆ್ಯಡಮ್ಸ್, ಪಿಲ್, ಜೋನ್ಸ್ ಅನ್ನೋ ಮೂವರು ಸಂಶೋಧಕರು ಒಂದು ಸಾಮಾನ್ಯ ಕ್ಲಿನಿಕ್‌ನ 30 ಅಸ್ತಮಾ ರೋಗಿಗಳ ಜೊತೆ ಕೂತು ಉದ್ದಕ್ಕೆ ಮಾತಾಡಿದ್ರು. ಹೌದು-ಇಲ್ಲ ಫಾರಂ ಇಲ್ಲ, ಬರೀ ಮಾತು. ಎಲ್ಲರಿಗೂ ಡಾಕ್ಟರ್ ದಿನಾ ತಗೊಳ್ಳೋ ಔಷಧ ಬರೆದಿದ್ರು. ಆದ್ರೆ ಅವರಲ್ಲಿ ಒಂದು ದೊಡ್ಡ ಗುಂಪು "ನಮಗೆ ಅಸ್ತಮಾ ಇಲ್ಲ, ಎದೆ ಸ್ವಲ್ಪ ಸರಿಯಿಲ್ಲ ಅಷ್ಟೇ" ಅಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಜನ ಔಷಧವನ್ನೇ ಬೇಡ ಅಂದವರಲ್ಲ. ನೀಲಿ ಪಂಪ್ ಧಾರಾಳವಾಗಿ ಬಳಸ್ತಿದ್ರು, ಬೇರೆಯವರ ಕಣ್ಣಿಗೆ ಬೀಳದ ಹಾಗೆ. ದಿನಾ ತಗೊಳ್ಳೋ ಕಂದು ಪಂಪ್ ಮಾತ್ರ ಮುಟ್ಟಲ್ಲ. ಅಸ್ತಮಾ ಕ್ಲಿನಿಕ್ ಕಡೆ ತಲೆ ಹಾಕಲ್ಲ.

ವಿಚಿತ್ರ ಅನ್ಸುತ್ತಾ? ಅವರ ಜಾಗದಲ್ಲಿ ಕೂತು ನೋಡಿ. ಎದೆ ಬಿಗಿದಾಗ ನೀಲಿ ಪಂಪ್ ಹೊಡ್ಕೊಳ್ಳೋದು ತಲೆನೋವಿಗೆ ಮಾತ್ರೆ ನುಂಗಿದ ಹಾಗೆ. ಮಾತ್ರೆ ನುಂಗಿದ ಮಾತ್ರಕ್ಕೆ ಯಾರೂ "ತಲೆನೋವಿನ ರೋಗಿ" ಆಗಲ್ಲ. ಕಂದು ಪಂಪ್ ಹಾಗಲ್ಲ. ಏನೂ ಆಗಿಲ್ಲದ ದಿನ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಬೆಳಿಗ್ಗೆ, ಕಾಫಿಗೂ ಮುಂಚೆ ಅದನ್ನ ಬಾಯಿಗಿಟ್ಟರೆ ಅದು ದಿನಾ ಒಂದೇ ಮಾತು ಹೇಳುತ್ತೆ: "ನೀನು ಅಸ್ತಮಾ ರೋಗಿ." ಅವರಿಗೆ ಬೇಡವಾಗಿದ್ದು ಆ ಹೆಸರು.

ಇನ್ನೊಂದು ಗುಂಪು ಹೆಸರನ್ನ ಒಪ್ಪಿಕೊಂಡಿತ್ತು. ಔಷಧ ನಿಯಮದ ಪ್ರಕಾರ ತಗೋತಿದ್ರು, ಎಲ್ಲರ ಮುಂದೆಯೇ ಪಂಪ್ ತೆಗೀತಿದ್ರು. ಮೂರನೆಯವರು ನಡುವಿನವರು. ಕಾಯಿಲೆ ಇದೆ ಅಂತ ಒಪ್ತಾರೆ, ಆದ್ರೆ ಔಷಧ ತಮ್ಮ ಅನುಕೂಲಕ್ಕೆ ತಕ್ಕಂತೆ, ವಿಷಯ ಹೇಳೋದೂ ಬೇಕಾದವರಿಗೆ ಮಾತ್ರ.

ನಮ್ಮ ಕಡೆ ಇದು ಕೇಳಿದ ಹಾಗಿದೆ ಅಲ್ವಾ? "ಅಸ್ತಮಾ ಅಲ್ಲ, ಅಲರ್ಜಿ." "ಮಗುಗೆ ಬರೀ ವೀಜಿಂಗ್." ಹೆತ್ತವರು ಗಾಬರಿ ಬೀಳ್ತಾರೆ ಅಂತ "ಅಲರ್ಜಿಕ್ ಬ್ರಾಂಕೈಟಿಸ್" ಅಂತ ಬರೆದು ಕಳಿಸೋ ಡಾಕ್ಟರುಗಳೂ ಇದ್ದಾರೆ. ಉದ್ದೇಶ ಒಳ್ಳೆಯದೇ. ಆದ್ರೆ "ಬರೀ ವೀಜಿಂಗ್" ಅನ್ನೋದಕ್ಕೆ ದಿನಾ ಔಷಧ ಯಾಕೆ ಅಂತ ಅಮ್ಮ ಕೇಳಿದ್ರೆ ಉತ್ತರ ಎಲ್ಲಿಂದ ತರೋದು?

[ಪರದೆಯ ಮೇಲೆ: 30 ಜನರಿಂದ ಏನು ಗೊತ್ತಾಗುತ್ತೆ?]

ಗೊತ್ತು, ಕಾಮೆಂಟ್ ಟೈಪ್ ಮಾಡ್ತಿದ್ದೀರಿ. "30 ಜನರನ್ನ ಕೇಳಿದ್ದು ಪುರಾವೆನಾ?" ನ್ಯಾಯವಾದ ಪ್ರಶ್ನೆ. ಇಂಥ ಗುಣಾತ್ಮಕ ಸಂಶೋಧನೆ "ಎಷ್ಟು ಜನ" ಅನ್ನೋದಕ್ಕೆ ಉತ್ತರ ಕೊಡಲ್ಲ. "ಯಾವ ಯಾವ ಕಾರಣ" ಅನ್ನೋದಕ್ಕೆ ಕೊಡುತ್ತೆ. ವೇಲ್ಸ್ ಅಧ್ಯಯನ ಓದಿ "ನಮ್ಮ ವಾರ್ಡಿನ ಇಷ್ಟು ಪರ್ಸೆಂಟ್ ಜನ ಹೀಗೇ" ಅಂತ ಬರೆದ್ರೆ ಅದು ಶುದ್ಧ ತಪ್ಪು. ಎಣಿಸೋ ಕೆಲಸ ಬೇರೆ ಅಧ್ಯಯನದ್ದು. 2006ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ನ್ಯೂಯಾರ್ಕ್‌ನಲ್ಲಿ, ಅಸ್ತಮಾಗೆ ಆಸ್ಪತ್ರೆ ಸೇರಿದ್ದ 198 ವಯಸ್ಕರನ್ನ ಕೇಳಿದ್ರು: ನಿಮಗೆ ಅಸ್ತಮಾ ಯಾವಾಗಲೂ ಇರುತ್ತಾ, ಅಥವಾ ದಮ್ಮು ಬಂದಾಗ ಮಾತ್ರನಾ? ಬಂದಾಗ ಮಾತ್ರ ಅಂದವರು 53%. ನೆನಪಿರಲಿ, ಇವರು ಆಸ್ಪತ್ರೆಯಲ್ಲಿ ಮಲಗಿ ಎದ್ದವರು. ಹಾಗೆ ನಂಬಿದವರು ಆರಾಮಾಗಿರೋ ದಿನಗಳಲ್ಲಿ ಸ್ಟೆರಾಯ್ಡ್ ಪಂಪ್ ಬಿಡೋದೂ ಜಾಸ್ತಿ.

ಹಾಗಂತ ಮಾತಾಡಿಸಿ ಬರೆದದ್ದೆಲ್ಲ ಪುರಾವೆ ಆಗಲ್ಲ. ಗ್ರೇಡ್-ಸರ್‌ಕ್ವಾಲ್ ಅನ್ನೋ ಒರೆಗಲ್ಲು ನಾಲ್ಕು ವಿಷಯ ನೋಡುತ್ತೆ: ಅಧ್ಯಯನ ಮಾಡಿದ ರೀತಿಯಲ್ಲಿ ದೋಷ ಇದೆಯಾ, ತೀರ್ಮಾನಕ್ಕೂ ಆಡಿದ ಮಾತಿಗೂ ತಾಳೆ ಆಗುತ್ತಾ, ಮಾಹಿತಿ ಸಾಕಷ್ಟಿದೆಯಾ, ನಮ್ಮ ಪರಿಸ್ಥಿತಿಗೆ ಹೊಂದುತ್ತಾ. ವೇಲ್ಸ್‌ನ ಮಾತನ್ನ ರಾಯಚೂರಿಗೆ ತರೋ ಮುಂಚೆ ನಾಲ್ಕನೇದನ್ನ ಎರಡು ಸಲ ಕೇಳಿ.

[ಪರದೆಯ ಮೇಲೆ: ತಕ್ಕಡಿ]

ಸರಿ, ಕಾರಣ ಗೊತ್ತಾಯ್ತು. ನರ್ಸ್ ಏನು ಬದಲಾಯಿಸಬೇಕು? ಬ್ರಿಟನ್ನಿನ ಸಂಶೋಧಕ ರಾಬ್ ಹಾರ್ನ್ ಔಷಧದ ನಂಬಿಕೆಯನ್ನ ಎರಡು ತಟ್ಟೆಗೆ ಹಾಕಿದ್ರು. ಒಂದರಲ್ಲಿ "ಇದು ನನಗೆ ಬೇಕಾ", ಇನ್ನೊಂದರಲ್ಲಿ "ಇದರಿಂದ ನನಗೆ ಏನಾದ್ರೂ ಆಗುತ್ತಾ". ನಾವು ಮಾಡೋ ತಪ್ಪು ಏನಂದ್ರೆ ಮೊದಲ ತಟ್ಟೆಗೇ ಕಲ್ಲು ಪೇರಿಸೋದು. "ತಗೊಳ್ಳಲೇಬೇಕು, ಇಲ್ಲಾಂದ್ರೆ ಅಪಾಯ." ಎರಡನೇ ತಟ್ಟೆಯಲ್ಲಿ ಏನಿದೆ ಅಂತ ಇಣುಕಿಯೂ ನೋಡಲ್ಲ. ನಮ್ಮಲ್ಲಿ ಅಲ್ಲಿರೋದು ಸಾಮಾನ್ಯವಾಗಿ ಎರಡು ಮಾತು. "ಅಭ್ಯಾಸ ಆಗಿಬಿಡುತ್ತೆ." "ಪಂಪ್ ಸ್ಟ್ರಾಂಗು, ಮಾತ್ರೆ ಸಾಕು."

ಎರಡನೇದಕ್ಕೆ ಲೆಕ್ಕ ಮಾಡಿ ತೋರಿಸ್ತೀನಿ, ಪೆನ್ನು ತಗೊಳ್ಳಿ. ಸಾಲ್ಬುಟಮಾಲ್ ಮಾತ್ರೆ ಒಂದು 4 ಮಿಲಿಗ್ರಾಂ, ಅಂದ್ರೆ 4,000 ಮೈಕ್ರೋಗ್ರಾಂ. ಪಂಪ್‌ನ ಒಂದು ಪಫ್ 100 ಮೈಕ್ರೋಗ್ರಾಂ. ಒಂದು ಮಾತ್ರೆ, 40 ಪಫ್! "ಸ್ಟ್ರಾಂಗು" ಯಾವುದು ಈಗ? ಕಾಲುವೆ ಒಡೆದು ಇಡೀ ಹೊಲಕ್ಕೆ ನೀರು ಹಾಯಿಸೋದು ಮಾತ್ರೆ. ರಕ್ತದ ಮೂಲಕ ಕೈಗೂ ಹೋಗುತ್ತೆ, ಹೃದಯಕ್ಕೂ ಹೋಗುತ್ತೆ, ಅದಕ್ಕೇ ಕೈ ನಡುಗೋದು, ಎದೆ ಡವಡವ ಅನ್ನೋದು. ಪಂಪ್ ಅಂದ್ರೆ ಕೋಲಾರದ ಟೊಮೆಟೊ ತೋಟದ ಡ್ರಿಪ್ಪು. ಬುಡಕ್ಕೆ ಮಾತ್ರ, ಹನಿ ಹನಿ. ಸ್ಟೆರಾಯ್ಡ್‌ದೂ ಇದೇ ಕಥೆ. ದಮ್ಮಿನ ಅಟ್ಯಾಕ್ ಜೋರಾದಾಗ ಕೊಡೋ ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಇರಬಹುದು. ಬ್ಯುಡೆಸೊನೈಡ್ ಅನ್ನೋ ಸ್ಟೆರಾಯ್ಡ್ ಪಂಪ್ 200 ಮೈಕ್ರೋಗ್ರಾಂ ಎರಡು ಸಲ ಅಂದ್ರೆ ದಿನಕ್ಕೆ 0.4 ಮಿಲಿಗ್ರಾಂ. ಎರಡರ ಶಕ್ತಿ ಗ್ರಾಮಿಗೆ ಗ್ರಾಂ ಸಮ ಅಲ್ಲ, ಅದಕ್ಕೇ ನೂರನೇ ಒಂದು ಪಾಲು ಅಂತ ನೇರ ಹೋಲಿಸಬೇಡಿ. ಆದ್ರೂ ಅಂದಾಜು ಸಿಗುತ್ತೆ.

"ಅಭ್ಯಾಸ ಆಗುತ್ತೆ" ಅನ್ನೋ ಭಯ ಇನ್ನೂ ತಮಾಷೆ, ಯಾಕಂದ್ರೆ ಅದು ತಪ್ಪು ಪಂಪ್ ಮೇಲೆ ಕೂತಿದೆ. ಜನ ಹೆದರೋದು ಕಂದಿಗೆ. ಅತಿಯಾದ್ರೆ ಹೆದರಬೇಕಾದ್ದು ನೀಲಿಗೆ. ವರ್ಷಕ್ಕೆ 200 ಪಫ್‌ನ ನೀಲಿ ಪಂಪ್ ಮೂರು ಅಥವಾ ಹೆಚ್ಚು ಮುಗಿಸಿದವರಿಗೆ ಅಟ್ಯಾಕ್ ಅಪಾಯ ಜಾಸ್ತಿ, ಹನ್ನೆರಡು ಮುಟ್ಟಿದ್ರೆ ಸಾವಿನ ಅಪಾಯವೂ ಜಾಸ್ತಿ. 2014ರಲ್ಲಿ ಹೊರಬಂದ ವರದಿಗಾಗಿ ಬ್ರಿಟನ್ 195 ಅಸ್ತಮಾ ಸಾವುಗಳನ್ನ ಒಂದೊಂದಾಗಿ ಪರಿಶೀಲಿಸ್ತು. ನೀಲಿ ಪಂಪ್ ಬಳಸ್ತಿದ್ದವರಲ್ಲಿ 39% ಜನರಿಗೆ ಸಾಯೋ ಹಿಂದಿನ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಬರೆದುಕೊಟ್ಟಿದ್ರು. ಬರೀ ನೀಲಿ ಪಂಪ್ ಮೇಲೆ ಯಾರನ್ನೂ ಬಿಡಬೇಡಿ ಅಂತ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ಗೀನಾ 2019ರಲ್ಲೇ ಹೇಳಿದೆ.

[ಪರದೆಯ ಮೇಲೆ ನಾಲ್ಕು ಪ್ರಶ್ನೆ. ಸ್ಕ್ರೀನ್‌ಶಾಟ್ ತಗೊಳ್ಳೋಕೆ ಐದು ಸೆಕೆಂಡ್]

ಹಾಗಾದ್ರೆ "ದಿನಾ ತಗೋತಿದ್ದೀರಾ" ಬದಲು ಏನು ಕೇಳೋದು?

"ಈ ತೊಂದರೆಗೆ ನಿಮ್ಮನೇಲಿ ಏನಂತೀರಿ?" ಆಮೇಲೆ ಅದೇ ಪದದಲ್ಲಿ ಮಾತಾಡಿ.
"ಆರಾಮಾಗಿರೋ ದಿನ ಈ ಕಾಯಿಲೆ ಎಲ್ಲಿರುತ್ತೆ ಅಂತೀರಿ?"
"ಹೋದ ವಾರ ಏಳು ದಿನದಲ್ಲಿ ಎಷ್ಟು ದಿನ ತಗೊಳ್ಳೋಕೆ ಆಗ್ಲಿಲ್ಲ? ಎಲ್ಲರಿಗೂ ಬಿಟ್ಟುಹೋಗುತ್ತೆ."
"ಇದನ್ನ ತಗೊಳ್ಳೋಕೆ ಏನಾದ್ರೂ ಅಳುಕಿದೆಯಾ?"

ಕೇಳಿ ಸುಮ್ಮನಿರಿ. ಬಾಗಿಲಲ್ಲಿ ಇನ್ನೂ ಮೂವತ್ತು ಜನ ಕಾಯ್ತಿರುವಾಗ ಐದು ಸೆಕೆಂಡ್ ಸುಮ್ಮನಿರೋದೇ ಅತಿ ಕಷ್ಟದ ಕೆಲಸ. "ಮೃಗಶಿರಾಕ್ಕೆ ಹೈದರಾಬಾದಿಗೆ ಹೋಗಿ ಉಬ್ಬಸದ ಔಷಧ ಅಂತ ಮೀನು ನುಂಗಿ ಬಂದೆ" ಅಂದ್ರೆ ಬೈಬೇಡಿ. ಬೈದ್ರೆ ಮುಂದಿನ ಸಲ ಹೇಳಲ್ಲ, ಅಷ್ಟೇ. "ಆಯ್ತಮ್ಮ, ಮೀನು ನುಂಗಿದ್ರಿ, ಪಂಪ್ ಮಾತ್ರ ಬಿಡಬೇಡಿ" ಅನ್ನಿ.

ಉತ್ತರ ನೋಡಿ ಕೆಲಸ ಆರಿಸಿಕೊಳ್ಳಿ. "ನನಗೆ ಅಸ್ತಮಾನೇ ಇಲ್ಲ" ಅನ್ನೋರಿಗೆ ಪಂಪ್ ಹೊಡೆಯೋದು ಹೇಳಿಕೊಡೋದು ವ್ಯರ್ಥ, ಅಲ್ಲಿ ಹೆಸರಿನ ಮಾತು ಮೊದಲು. "ತಗೋತೀನಿ, ಆದ್ರೆ ಏನೂ ಉಪಯೋಗ ಇಲ್ಲ" ಅಂದ್ರೆ ಆಗ ಕೈಗೆ ಕೊಟ್ಟು "ನನಗೆ ಮಾಡಿ ತೋರಿಸಿ" ಅನ್ನಿ.

[ಕ್ಲೋಸ್-ಅಪ್: ರೋಟಾಹೇಲರ್]

ಒಂದೇ ಒಂದು ಸಾಧನ ತೋರಿಸ್ತೀನಿ, ಟೈಮ್ ಓಡ್ತಿದೆ. ಕೈ ಒಣಗಿರಲಿ. ಕ್ಯಾಪ್ಸೂಲ್‌ನ ಪಾರದರ್ಶಕ ತುದಿ ಕೆಳಗೆ ಬರೋ ಹಾಗೆ, ಮೇಲೆ ಎದ್ದಿರೋ ತೂತಿಗೆ ಒತ್ತಿ. ಬುಡ ಹಿಡಿದು ನಿಲ್ಲೋವರೆಗೂ ತಿರುಗಿಸಿ, ಕ್ಯಾಪ್ಸೂಲ್ ಎರಡಾಗಿ ಪುಡಿ ಒಳಗೆ ಬೀಳುತ್ತೆ. ಮುಖ ಆಚೆ ತಿರುಗಿಸಿ ಉಸಿರು ಬಿಡಿ. ಇದರೊಳಗೆ ಊದಿದ್ರೆ ತೇವಕ್ಕೆ ಪುಡಿ ಗಂಟು ಕಟ್ಟುತ್ತೆ. ತುಟಿ ಬಿಗಿ ಮಾಡಿ, ಜೋರಾಗಿ, ಆಳವಾಗಿ ಎಳೆಯಿರಿ. 10 ಸೆಕೆಂಡ್ ಉಸಿರು ಹಿಡೀರಿ. ತೆಗೆದು ನೋಡಿ, ಪುಡಿ ಉಳಿದಿದ್ರೆ ಇನ್ನೊಂದು ಸಲ. ಪಂಪ್ ಇದಕ್ಕೆ ಪೂರ್ತಿ ಉಲ್ಟಾ: ಅಲ್ಲಿ ನಿಧಾನವಾಗಿ ಎಳೀಬೇಕು. ಎರಡೂ ಇರೋರು ಇದನ್ನೇ ಅದಲುಬದಲು ಮಾಡ್ಕೊಳ್ಳೋದು. ಮತ್ತೆ, ದಯವಿಟ್ಟು ನಗಬೇಡಿ, ಕ್ಯಾಪ್ಸೂಲನ್ನ ನೀರಿನ ಜೊತೆ ನುಂಗೋರು ಇದ್ದಾರೆ. ತಪ್ಪು ಅವರದ್ದಲ್ಲ. ನುಂಗೋ ಕ್ಯಾಪ್ಸೂಲ್ ಹಾಗೇ ಕಾಣೋದನ್ನ ಕೈಗೆ ಕೊಟ್ಟು ಯಾರೂ ಬಿಡಿಸಿ ಹೇಳಿಲ್ಲ. 2016ರ ಒಂದು ದೊಡ್ಡ ಪರಿಶೀಲನೆಯಲ್ಲಿ ಇನ್‌ಹೇಲರ್ ಸರಿಯಾಗಿ ಬಳಸಿದವರು 31% ಮಾತ್ರ, ನಲವತ್ತು ವರ್ಷದಲ್ಲಿ ಹೇಳಿಕೊಳ್ಳೋ ಹಾಗೆ ಸುಧಾರಣೆ ಇಲ್ಲ. ಒಂದು ಸಲ ಕಲಿಸಿದ್ದು ಮರೆತೂ ಹೋಗುತ್ತೆ, ಪ್ರತಿ ಭೇಟಿಯಲ್ಲೂ ಮಾಡಿಸಿ ನೋಡಿ.

[ಟೈಮರ್ ಕೆಂಪಾಗುತ್ತೆ]

ಉಳಿದದ್ದು ಒಟ್ಟಿಗೆ. ಲಿಖಿತ ಪ್ಲಾನ್, ಅಂದ್ರೆ ಉಸಿರಾಟ ಯಾವ ಹಂತಕ್ಕೆ ಬಂದ್ರೆ ಏನು ಮಾಡಬೇಕು ಅಂತ ಹಳದಿ (ಎಚ್ಚರ), ಕೆಂಪು (ಅಪಾಯ) ಅನ್ನೋ ಹಾಗೆ ಬರೆದುಕೊಟ್ಟ ಚೀಟಿ: ಬ್ರಿಟನ್ನಿನ ಆ 195 ಜನರಲ್ಲಿ ಅದು ಇದ್ದದ್ದು 23% ಜನರ ಹತ್ತಿರ. ಪ್ಲಾನ್ ಕೊಟ್ಟರೂ ಬಳಸಲ್ಲ ಅಂತೀರಾ? 2000ರಲ್ಲಿ ಅದೇ ವೇಲ್ಸ್‌ನ ಇನ್ನೊಂದು ಅಧ್ಯಯನದಲ್ಲಿ ರೋಗಿಗಳಿಗೂ ಅದರ ಬಗ್ಗೆ ಉತ್ಸಾಹ ಇರಲಿಲ್ಲ, ಡಾಕ್ಟರು ನರ್ಸುಗಳಿಗೂ ಇರಲಿಲ್ಲ. ಅದಕ್ಕೇ ಪ್ರಿಂಟ್ ಹಾಕಿದ ಶೀಟ್ ಹಂಚೋ ಬದಲು ಅವರ ಮಾತಲ್ಲೇ ಬರೀರಿ. ಹಳದಿ ಅಂದ್ರೆ "ಮೆಟ್ಟಿಲು ಹತ್ತೋವಾಗ ಮಧ್ಯ ನಿಂತೆ, ರಾತ್ರಿ ಕೆಮ್ಮಿ ಎದ್ದೆ." ಕೆಂಪು ಅಂದ್ರೆ "ಒಂದು ಮಾತು ಪೂರ್ತಿ ಆಡೋಕಾಗ್ತಿಲ್ಲ, ತುಟಿ ನೀಲಿ, ಪಂಪ್ ಹೊಡೆದ್ರೂ ಕೇಳ್ತಿಲ್ಲ." ಕೆಂಪಿಗೆ ಬಂದ್ರೆ 108. ಗಾಡಿ ಬರೋವರೆಗೂ ಕೂರಿಸಿ, ಮಲಗಿಸಬೇಡಿ, ಸ್ಪೇಸರ್‌ನಲ್ಲಿ (ಪಂಪ್‌ಗೂ ಬಾಯಿಗೂ ನಡುವೆ ಇಡೋ ಪ್ಲಾಸ್ಟಿಕ್ ಕೊಳವೆ) ನೀಲಿ ಪಂಪ್ ಒಂದೊಂದೇ ಪಫ್ ಕೊಡ್ತಾ ಇರಿ. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಅನ್ನೋದನ್ನ ಡಾಕ್ಟರ ಹತ್ರ ಮೊದಲೇ ಬರೆಸಿ ಫ್ರಿಜ್ ಮೇಲೆ ಅಂಟಿಸಿಡಿ. ಸ್ಟೆರಾಯ್ಡ್ ಪಂಪ್ ಆದ್ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲಾಂದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್. ಮದುವೆ ಮಾತುಕತೆ ನಡೀತಿರೋ ಹುಡುಗಿ ಪಂಪನ್ನ ಬ್ಯಾಗಿನ ತಳದಲ್ಲಿ ಬಚ್ಚಿಡ್ತಿದ್ರೆ, ಬೆಳಿಗ್ಗೆ ಮತ್ತು ರಾತ್ರಿ ರೂಮಲ್ಲೇ ತಗೊಂಡು ಮುಗಿಸೋ ಹಾಗೆ ಹೊಂದಿಸಬಹುದಾ ಅಂತ ಡಾಕ್ಟರನ್ನ ಕೇಳಿ, ಎಲ್ಲರ ಮುಂದೆ ತಗೋ ಅಂತ ಹಟ ಹಿಡೀಬೇಡಿ.

ಕೊನೇ ಕಾಮೆಂಟ್: "ಸ್ಪೇಸರ್ ತೊಳೆದು ಟವೆಲಲ್ಲಿ ಒರೆಸಬಹುದಾ?" ಬೇಡ. ಒರೆಸಿದ್ರೆ ಪ್ಲಾಸ್ಟಿಕ್ ಮೇಲೆ ಸ್ಥಿರವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟಿಕೊಳ್ಳುತ್ತೆ. ತಿಂಗಳಿಗೊಂದು ಸಲ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ನೀರಲ್ಲಿ ಅದ್ದಿ ತೆಗೆದು, ನೀರು ಸೋರೋ ಹಾಗೆ ನಿಲ್ಲಿಸಿ, ತಾನಾಗೇ ಒಣಗಲಿ.